ಗುಡ್ಡಕ್ಕೆ ನೀರು ಕುಡಿಸಿದವರು

ನಾನು ಹುಟ್ಟಿದ್ದು ವಿಜಯಪುರದ ಕಡೆಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಮುಖ ತೊಳೆದ ನೀರೂ ಬದನೆ ಗಿಡದ ಬುಡಕ್ಕೇ ಹೋಗಬೇಕು; ಚರಂಡಿಗೆ ಚೆಲ್ಲಿದರೆ ಅವ್ವನ ಕೈಯಿಂದ ಬೆನ್ನಿಗೊಂದು ಬೀಳುತ್ತಿತ್ತು. ಮೋಡ ಕವಿದರೆ ಅಪ್ಪ ಸಲಿಕೆ ಹೊತ್ತು ಹೊಲದ ಒಡ್ಡು ಕಾಯಲು ಓಡುತ್ತಿದ್ದ. ನೀರನ್ನು ನಿಲ್ಲಿಸುವವರು ಜಾಣರು, ಹರಿಯಲು ಬಿಡುವವರು ದಡ್ಡರು ಎಂದು ನನ್ನ ರಕ್ತದಲ್ಲೇ ಬರೆದಿತ್ತು. ಪುಣೆಯ ವಾಕಡದಲ್ಲಿ ಪೈಪು, ನಲ್ಲಿ, ಹಾರೆ, ಗುದ್ದಲಿ ಮಾರುವ ಅಂಗಡಿ ಹಾಕಿ ಇಪ್ಪತ್ತು ವರ್ಷ ಕಳೆದ ಮೇಲೂ ಆ ಜಾಣತನ ನನ್ನನ್ನು ಬಿಟ್ಟಿರಲಿಲ್ಲ.

ಹಾಗಾಗಿ ನಮ್ಮ ಬಡಾವಣೆಯ ಕನ್ನಡ ಮಂದಿ ಪ್ರತಿ ಭಾನುವಾರ ಗುಡ್ಡಕ್ಕೆ ಹೋಗಿ ಚರ ತೋಡೋಣ ಎಂದಾಗ ನಾನೇ ಮುಂದೆ. ಚರ ಎಂದರೆ ಇಳಿಜಾರಿಗೆ ಅಡ್ಡಲಾಗಿ ತೋಡುವ ಮೊಣಕಾಲಾಳದ ಕಾಲುವೆ. ಮೇಲಿಂದ ಬರುವ ಮಳೆನೀರು ಅದರಲ್ಲಿ ನಿಂತು ನೆಲಕ್ಕೆ ಇಂಗುತ್ತದೆ. ಗುಂಪಿನಲ್ಲಿ ಹೆಚ್ಚಿನವರು ಹಿಂಜವಾಡಿಯ ಆಫೀಸುಗಳ ಹುಡುಗ ಹುಡುಗಿಯರು. ಮುಂದಾಳು ಬೆಂಗಳೂರಿನಿಂದ ಬಂದ ಒಬ್ಬ ಮ್ಯಾನೇಜರ್. ವಾರವೆಲ್ಲ ಕುರ್ಚಿ ಬೆಚ್ಚಗೆ ಮಾಡುವವರು ಭಾನುವಾರ ಗುದ್ದಲಿ ಹಿಡಿದರೆ ಕೈ ತುಂಬ ಬೊಬ್ಬೆ. ಆ ಬೊಬ್ಬೆಗಳ ಫೋಟೋ ತೆಗೆದುಕೊಳ್ಳುವುದೇ ಅವರಿಗೆ ಹಬ್ಬ. ಗುದ್ದಲಿ, ಬುಟ್ಟಿ ಎಲ್ಲ ನನ್ನ ಅಂಗಡಿಯವು.

ಗುಡ್ಡವಿದ್ದದ್ದು ಹಿಂಜವಾಡಿ ದಾಟಿ ಪಡುವಣಕ್ಕೆ ಒಂದೂವರೆ ತಾಸಿನ ದಾರಿಯಲ್ಲಿ. ಅದರ ಬುಡದ ಇಳಿಜಾರಿನಲ್ಲಿ ಹತ್ತು ಹನ್ನೆರಡು ಮನೆಗಳ ಒಂದು ವಾಡಿ. ಮನೆಗಳ ಕೆಳಗೇ ಗುಡ್ಡದ ಪಾದ ಕಡಿದು, ಆಚೆಯ ಫಾರ್ಮ್‌ಹೌಸುಗಳಿಗೆ ಹೊಸ ರಸ್ತೆ ಮಾಡಿದ್ದರು. ಕಡಿದ ಕಡೆ ಕೆಂಪು ಮಣ್ಣು ಗೋಡೆಯಂತೆ ನೆಟ್ಟಗೆ ನಿಂತಿತ್ತು. ನೆತ್ತಿಯ ಮೇಲಿನ ಮರಗಳೂ ಕಾಣೆಯಾಗಿ ಬರೀ ಬೊಡ್ಡೆಗಳು ಉಳಿದಿದ್ದವು. ಎರಡನ್ನೂ ನಾವು ಕಣ್ಣಾರೆ ನೋಡಿದೆವು. ನೋಡಿ, ಪಾಪ, ಬೋಳು ಗುಡ್ಡ, ಇದಕ್ಕೆ ನೀರು ಕುಡಿಸೋಣ ಎಂದೆವು. ಮನೆಗಳ ಮೇಲಿನ ಇಳಿಜಾರಿನ ತುಂಬ ಚರ ತೋಡಿದೆವು.

ನಮಗೆ ಊಟಕ್ಕೆ ಭಾಕರಿ, ಝುಣಕ ಮಾಡಿಕೊಡುತ್ತಿದ್ದಾಕೆ ವಾಡಿಯ ಕೆಳಗಿನ ಕೊನೆಯ ಮನೆಯ ಹೆಂಗಸು. ಎಲ್ಲರಿಗೂ ಆಕೆ ಮಾವಶಿ, ಅಂದರೆ ಚಿಕ್ಕಮ್ಮ. ಮನೆಯಲ್ಲಿ ಆಕೆ, ಸೊಸೆ, ಇಬ್ಬರು ಸಣ್ಣ ಮೊಮ್ಮಕ್ಕಳು. ಮಾವಶಿಯ ಮಾತು ಮರಾಠಿ, ಆದರೆ ನೆನಪಿನಲ್ಲಿ ನನಗದು ನಮ್ಮ ಮನೆಯ ಕನ್ನಡದಲ್ಲೇ ಕೇಳುತ್ತದೆ.

"ಇಲ್ಲಿ ನೀರ ನಿಂದ್ರಸಬ್ಯಾಡ್ರಿ," ಎಂದಳು ಒಂದು ದಿನ. "ನಮ್ಮ ಅತ್ತಿ ಕಾಲದಾಗ ಮಳಿಗಿಂತ ಮುಂಚೆ ಎಲ್ಲಾರೂ ಕೂಡಿ ಬಾಜೂಕಿನ ಹಳ್ಳದ ಕಸಾ ತಗೀತಿದ್ವಿ. ನೀರ ಲಗೂನ ಇಳದು ಹೋಗ್ಲಿ ಅಂತ."

ನಾನು ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಹನಿ ನೀರಿನ ಬೆಲೆಯ ಮೇಲೆ ಹರಕು ಮರಾಠಿಯಲ್ಲಿ ಅರ್ಧ ತಾಸು ಭಾಷಣ ಕೊಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ನನ್ನ ತವರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಅಲ್ಲಿ ಒಂದೇ ವಾರದಲ್ಲಿ ಬಿದ್ದರೂ ಬಿದ್ದೀತು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಮಳೆ ಹಿಡಿದು ಮೂರು ವಾರವಾಗಿತ್ತು. ಮಾವಶಿಯ ಫೋನು ಬಂತು. "ತಲಬಾಗಲಾ ಹಾಕಾಕ ಬರವಲ್ದು ನೋಡವ್ವ." ಮಳೆಗೆ ಕಟ್ಟಿಗೆ ಉಬ್ಬಿರಬೇಕು ಎಂದುಕೊಂಡೆ. ಬಡಗಿಯ ಕೈಯಿಂದ ಉಜ್ಜುಗೊರಡು ಇಸಿದುಕೊಂಡು ಮರುದಿನ ಬೆಳಗ್ಗೆ ಹೊರಟೆ.

ಬಾಗಿಲು ಉಬ್ಬಿರಲಿಲ್ಲ. ಚೌಕಟ್ಟೇ ಒಂದು ಕಡೆ ವಾಲಿತ್ತು. ನೆಲದಲ್ಲಿ ಒಲೆಯಿಂದ ಹೊಸ್ತಿಲವರೆಗೆ ಬಿರುಕು. ಮನೆಯ ಹಿಂದಿನ ಝರಿಯಲ್ಲಿ ತಿಳಿನೀರು ಹೋಗಿ ಕೆಂಪು ರಾಡಿ ಬರುತ್ತಿತ್ತು. ಪಕ್ಕದಿಂದ ಹತ್ತಿ ಮೇಲೆ ನೋಡಿದೆ. ನಮ್ಮ ಚರಗಳೆಲ್ಲ ತುಂಬಿ ತುಳುಕುತ್ತಿದ್ದವು, ಎಲ್ಲಕ್ಕಿಂತ ಮೇಲಿನ ಚರದ ಹಿಂದೆ ನೆಲ ಬಾಯಿ ಬಿಟ್ಟಿತ್ತು. ಕೈ ಹಾಕಿದೆ. ಮೊಣಕೈತನಕ ಹೋಯಿತು.

ಆಗ ಹೊಳೆಯಿತು. ಆ ಗುಡ್ಡ ಎಂದರೆ ಬಂಡೆಯ ಮೇಲೆ ಹೊದಿಸಿದ ಮಣ್ಣು. ಮಣ್ಣನ್ನು ಹಿಡಿದಿದ್ದ ಬೇರು ಹೋಗಿತ್ತು, ಕೆಳಗಿನಿಂದ ತಡೆದಿದ್ದ ಪಾದ ರಸ್ತೆಗೆ ಹೋಗಿತ್ತು. ಉಳಿದ ಕೆಲಸ ನಾವು ಮಾಡಿದ್ದೆವು. ನಿಂತ ನೀರು ಇಂಗಿ ಬಂಡೆಗೆ ತಲುಪಿದರೆ ಮೇಲಿನ ಮಣ್ಣು, ಒದ್ದೆ ಬಚ್ಚಲಕಲ್ಲಿನ ಮೇಲೆ ಸಾಬೂನು ಜಾರಿದ ಹಾಗೆ, ಮನೆಗಳನ್ನು ಹೊತ್ತುಕೊಂಡೇ ಜಾರುತ್ತದೆ.

ಮುಂದಾಳಿಗೆ ಫೋನು ಹಚ್ಚಿದೆ. ಚರಗಳ ಬಾಯಿ ಒಡೆದು ನೀರು ಹಳ್ಳಕ್ಕೆ ಬಿಡಬೇಕು, ಜನ ಕಳಿಸಿ ಎಂದೆ.

"ಮೇಡಂ, ಸುಮ್ನೆ ಪ್ಯಾನಿಕ್ ಆಗ್ಬೇಡಿ. ನಿನ್ನೆ ತಾನೇ ಡ್ರೋನ್ ಫೋಟೋ ಹಾಕಿದೀವಿ, ಎಷ್ಟು ಚೆನ್ನಾಗಿ ನೀರು ನಿಂತಿದೆ! ಎಂಜಿನಿಯರನ್ನ ಕೇಳದೆ ಏನೂ ಮುಟ್ಬೇಡಿ."

"ತೋಡೂ ಮುಂದ ಯಾವ ಎಂಜಿನಿಯರನ್ನ ಕೇಳಿದ್ರಿ?"

"ಇದು ಇಡೀ ಗುಂಪಿನ ಕೆಲಸ ಮೇಡಂ. ನೀವೊಬ್ರೇ ಹಾಳು ಮಾಡೋಕಾಗಲ್ಲ."

"ನಾ ತೋಡಿದ್ದು ನಾ ಒಡೀತೇನಿ. ಬಂದು ಕೈ ಹಿಡೀರಿ ನೋಡೋಣು," ಎಂದು ಫೋನು ಇಟ್ಟೆ.

ಎಂಜಿನಿಯರನ್ನು ಕೇಳಲೇಬೇಕಾಗಿತ್ತು, ಅದು ನಿಜ. ತಾಲ್ಲೂಕಿನ ಕಚೇರಿಗೆ ಹೋಗಿ ಒಬ್ಬರನ್ನು ಎಬ್ಬಿಸಿಕೊಂಡೇ ಬಂದೆ. ಬಿರುಕು ನೋಡಿದ ಅವರ ಮುಖ ಬಿಳಚಿಕೊಂಡಿತು. ಮೊದಲು ಮನೆ ಖಾಲಿ ಮಾಡಿ, ಆಮೇಲೆ ಉಳಿದದ್ದು ಎಂದರು. ಮಳೆ ನಿಂತು ಹೊಳವಾದಾಗ ಮಾತ್ರ, ಅದೂ ಪಕ್ಕದ ಗಟ್ಟಿ ನೆಲದಿಂದಲೇ ಚರದ ತುದಿ ಕಡಿದು ನೀರನ್ನು ಹಳ್ಳಕ್ಕೆ ಇಳಿಸಬೇಕು. ಬಿರುಕಿಗೆ ಜಿಗುಟು ಮಣ್ಣು ತುಂಬಿ ಮೇಲೆ ತಾಡಪತ್ರಿ ಹೊದಿಸಬೇಕು.

ವಾಡಿಯವರೆಲ್ಲ ಹಳ್ಳದಾಚೆಯ ಶಾಲೆಗೆ ಹೋದರು. ಮಾವಶಿ ಮಾತ್ರ ಹೊಸ್ತಿಲ ಮೇಲೆ ಕೂತಿದ್ದಳು.

"ಈ ಮನಿ ಗ್ವಾಡಿ ನಾನ ಮೆತ್ತೇನಿ. ನಿಮ್ಮ ಮಾತ ಕೇಳಿ ಯಾಕ ಬಿಡ್ಲಿ?"

ನನಗೆ ಸಿಟ್ಟು ಬಂತು, ಅಳುವೂ ಬಂತು. "ನನ್ನ ಮಾತ ಕೇಳಬ್ಯಾಡ ಮಾವಶಿ. ನಾ ಹೇಳಿದ್ದ ತಪ್ಪಿತ್ತು, ನಿಮ್ಮ ಅತ್ತಿ ಹೇಳಿದ್ದ ಖರೆ ಇತ್ತು. ಆಕಿ ಇದ್ದಿದ್ರ ಈಗ ಏನಂತಿದ್ಲು?"

ಆಕೆ ವಾಲಿದ ಬಾಗಿಲನ್ನು ನೋಡಿದಳು. ಆಮೇಲೆ ಎದ್ದು ಕಿರಿಯ ಮೊಮ್ಮಗಳನ್ನು ಕಂಕುಳಿಗೇರಿಸಿಕೊಂಡಳು.

ಎರಡು ದಿನ ನಾವು ಚರ ಕಡಿದೆವು. ವಾಡಿಯ ಗಂಡಸರು, ಹೆಂಗಸರು, ನಮ್ಮ ಗುಂಪಿನಿಂದ ನನ್ನ ಫೋನಿಗೆ ಓಗೊಟ್ಟು ಬಂದ ನಾಲ್ಕೇ ಹುಡುಗಿಯರು. ಮಳೆ ಬಂದರೆ ಶಾಲೆಗೆ ಓಡುವುದು, ನಿಂತರೆ ಮತ್ತೆ ಗುದ್ದಲಿ. ಅಂಗಡಿಯಲ್ಲಿದ್ದ ತಾಡಪತ್ರಿಯೆಲ್ಲ ಗುಡ್ಡದ ಮೇಲೆ ಹೋಯಿತು. ಅಪ್ಪ ಜೀವ ಹಿಡಿದು ಕಾಯುತ್ತಿದ್ದ ಒಡ್ಡುಗಳು ಕಣ್ಣ ಮುಂದೆ ಬರುತ್ತಿದ್ದವು. ಆದರೂ ಕಡಿದೆ.

ಮೂರನೆಯ ದಿನ ಮುಂಜಾನೆ ಹತ್ತರ ಸುಮಾರಿಗೆ ಗುಡ್ಡದ ಪಾದದ ಕಡೆಯ ಒಂದು ಮಗ್ಗುಲು ಜಾರಿತು. ಶಾಲೆಯ ಅಂಗಳದಿಂದ ಎಲ್ಲರೂ ನೋಡಿದೆವು. ಮಾವಶಿಯ ಮನೆ ಮಣ್ಣಿನೊಂದಿಗೆ ರಸ್ತೆಗೆ ಇಳಿದು ಮಣ್ಣಿನಡಿಯೇ ಸೇರಿತು. ಅದರ ಮೇಲಿನ ಮನೆಗಳು ಉಳಿದವು. ನೀರು ಹಳ್ಳಕ್ಕೆ ಇಳಿಸದಿದ್ದರೆ ಒಂದೂ ಉಳಿಯುತ್ತಿರಲಿಲ್ಲ ಎಂದರು ಎಂಜಿನಿಯರು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮರುದಿನವೇ ಫಾರ್ಮ್‌ಹೌಸಿನವರ ಜೆಸಿಬಿ ಬಂತು, ರಸ್ತೆಯ ಮಣ್ಣು ಬಳಿಯಲು. ಬಿದ್ದ ಆ ಮಣ್ಣೇ ಈಗ ಉಳಿದ ಗುಡ್ಡಕ್ಕೆ ಆಸರೆ, ಅದನ್ನು ಎತ್ತಿದರೆ ಮೇಲಿನ ಮನೆಗಳೂ ಬರುತ್ತವೆ ಎಂದು ಎಂಜಿನಿಯರು ಹೇಳಿಹೋಗಿದ್ದರು. ರಸ್ತೆ ಬೇಕಾದವರಿಗೆ ಅದೆಲ್ಲ ಎಲ್ಲಿ ಬೇಕು? ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಮಾವಶಿ ಹೋಗಿ ಮಣ್ಣಿನ ಗುಪ್ಪೆಯ ಅಂಚಿನಲ್ಲಿ, ಯಂತ್ರದ ಹಲ್ಲಿನೆದುರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತುಬಿಟ್ಟಳು.

"ಇದರ ಬುಡಕ ನನ್ನ ಮನಿ ಅದ. ಒಂದ ಬುಟ್ಟಿ ಮಣ್ಣ ಎತ್ತಿ ನೋಡ್ರಿ."

ನಾನೂ ಹೋಗಿ ಪಕ್ಕಕ್ಕೆ ಕೂತೆ. ಒಬ್ಬೊಬ್ಬರಾಗಿ ವಾಡಿಯ ಹೆಂಗಸರೆಲ್ಲ ಬಂದು ಕೂತರು. ಫಾರ್ಮ್‌ಹೌಸಿನವನು ಕಾರಿನಿಂದಿಳಿದು, ನಾನು ಸೀರೆ ಉಟ್ಟ ರೀತಿ ನೋಡಿ ಊರಿನವಳಲ್ಲ ಎಂದು ಗುರುತಿಸಿ, ನೀವ್ಯಾರು, ನಿಮಗೇನು ಸಂಬಂಧ ಎಂದು ಗದರಿದ.

"ಈ ಗುಡ್ಡಾ ಕೆಡವಿದವರೊಳಗ ನಾನೂ ಒಬ್ಬಾಕಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನೀವು ಇದರ ಕಾಲ ಕಡದ್ರಿ, ನಾ ನೀರ ಕುಡಿಸಿದೆ. ನಾ ಒಪ್ಪಕೊಂಡೇನಿ. ಈಗ ನೀವು ಹೇಳ್ರಿ."

ಜೆಸಿಬಿ ಡ್ರೈವರು ಒಮ್ಮೆ ಫಾರ್ಮ್‌ಹೌಸಿನವನನ್ನು, ಒಮ್ಮೆ ಮಾವಶಿಯನ್ನು ನೋಡಿ ಯಂತ್ರ ಬಂದ್ ಮಾಡಿ ಕೆಳಗಿಳಿದ.