ಟವೆಲ್, ಕೊಡೆ, ಚೀಲ

ಆ ಕಾಲದಲ್ಲಿ ಬಸ್ಸಿನ ಸೀಟಿನ ಮೇಲೆ ಟವೆಲ್ ಬಿತ್ತೆಂದರೆ ಸೀಟು ಟವೆಲ್ಲಿನವನದೇ. ಎದುರಾಡುವವರಿರಲಿಲ್ಲ. ಇಳಿಯಲು ಎದ್ದವರನ್ನು ಕಿಟಕಿಯಿಂದ ಕರೆದು, "ಇದೊಂದು ನಿಮ್ಮ ಸೀಟಿಗೆ ಹಾಕಿ" ಅಂದರೆ ಸಾಕು, ಗುರುತಿಲ್ಲದವರೂ ಹಾಕಿಯೇ ಇಳಿಯುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಏಳು ತಿಂಗಳ ಬಸುರಿ ಹೆಂಡತಿಯನ್ನು ಭಟ್ಕಳದಿಂದ ಕುಮಟೆಯ ತವರಿಗೆ ಕರೆದೊಯ್ಯುತ್ತಿದ್ದೆ. ಅವಳು ಅಷ್ಟು ದೂರ ನಿಂತು ಹೋಗುವಂತಿರಲಿಲ್ಲ. ಒಂದೇ ಟವೆಲ್ ನಂಬಿ ಕೂರುವ ಪೈಕಿ ನಾನಲ್ಲ. ಜಾರಿ ಬಿದ್ದರೆ? ಹಾಕುವವರೇ ಮರೆತರೆ? ಮೂರು ಕಿಟಕಿಗಳಲ್ಲಿ ಮೂವರನ್ನು ಬೇಡಿಕೊಂಡು ಟವೆಲ್, ಕೊಡೆ, ಚೀಲ ಒಳಗೆ ಕಳಿಸಿದೆ. ದುರದೃಷ್ಟಕ್ಕೆ ಮೂವರೂ ಸಜ್ಜನರು. ಮೂರು ಸೀಟೂ ಸಿಕ್ಕಿದವು.

ಹೆಂಡತಿ ಟವೆಲ್ ಎತ್ತಿ ಕೂತಳು, ನಾನು ಪಕ್ಕದಲ್ಲಿ ನಿಂತೆ. ಸುತ್ತ ಜನ ನಿಂತೇ ಇದ್ದರು. ಖಾಲಿ ಬುಟ್ಟಿ ಹಿಡಿದ ಮೀನು ಮಾರುವ ಹೆಂಗಸು ಕೇಳಿದಳು: "ಯಾರದ್ದಾ ಈ ಕೊಡೆ?"

ಎಲ್ಲರೂ ಅತ್ತಿತ್ತ ನೋಡಿದರು. ನಾನೂ ನೋಡಿದೆ.

"ಕೊಡೆಯವರು ಹಿಂದೆ ಗದ್ದಲದಲ್ಲಿ ಸಿಕ್ಕಿಬಿದ್ದಿರಬೇಕು, ಪಾಪ. ಬರಲಿ," ಅಂದರು ಒಬ್ಬ ಹಿರಿಯರು.

ಬಸ್ಸು ಹೊರಟಿತು. ಕೊಡೆ ಒಂದು ಸೀಟಿನಲ್ಲಿ, ಚೀಲ ಅದರ ಹಿಂದಿನದರಲ್ಲಿ ಆರಾಮಾಗಿ ಕೂತು ಪ್ರಯಾಣ ಮಾಡಿದವು. ಮುಟ್ಟುವ ಧೈರ್ಯ ಯಾರಿಗೂ ಇಲ್ಲ, ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ.

ಮಂಕಿ ಊರು ದಾಟುವಾಗ ಹೆಂಡತಿಯ ಮುಖ ಬಿಳಿಚಿತು. "ಇವ್ರೇ, ಹೊಟ್ಟೆ ತೊಳಸ್ತದೆ. ಚೀಲದಲ್ಲಿ ಲಿಂಬೆಹಣ್ಣು ಅದೆ, ಬೇಗ ಕೊಡಿ!"

"ಯಾವ ಚೀಲ?" ಅಂದೆ ನಾನು, ಮೆಲ್ಲಗೆ.

"ಅಲ್ಲೇ ಅದ್ಯಲ, ಕೊಡೆ ಹಿಂದೆ! ಕೊಡೆನೂ ನಮ್ಮದೇ, ಇಳೀವಾಗ ಮರೀಬೇಡಿ."

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಲಿಂಬೆಹಣ್ಣು ಕೊಟ್ಟೆ. ಅವಳು ಮೂಸಿ ಸುಧಾರಿಸಿಕೊಂಡಳು. ನಾನು ಮೂಸಿದರೂ ಸುಧಾರಿಸುವಂತಿರಲಿಲ್ಲ.

"ಎಂತದಾ ತಮ್ಮಾ," ಅಂದಳು ಮೀನಿನವಳು, "ಹೊಟ್ಟೆಲಿ ಎಷ್ಟು ಮಕ್ಕ ಅದೆ? ಒಬ್ಬೊಬ್ರಿಗೂ ಒಂದೊಂದು ಸೀಟಾ?"

ಕೊಡೆಯ ಜಾಗದಲ್ಲಿ ಅವಳು ಕೂತಳು, ಚೀಲದ ಜಾಗದಲ್ಲಿ ಹಿರಿಯರು. ಬುಟ್ಟಿ ನನ್ನ ಕೈಗೆ ಬಂತು. "ಹಿಡ್ಕಾ. ನಿನ್ನ ಸಾಮಾನು ನಾವು ಕಾದದ್ದಲ್ವಾ?"

ಧಾರೇಶ್ವರದಲ್ಲಿ ಅವಳು ಬುಟ್ಟಿ ಇಸಿದುಕೊಂಡು ಇಳಿದಳು. ಸೀಟು ಖಾಲಿಯಾಯಿತು. ಅಭ್ಯಾಸಬಲ, ಹಿರಿಯರನ್ನು ಕೇಳಿದೆ: "ಇಲ್ಲಿ ಯಾರಾದ್ರೂ ಬರ್ತಾರಾ?"

"ನಮ್ಮ ಹತ್ರ ಕೇಳೂದೆಂತಕ್ಕೆ?" ಅಂದರು. "ಟವೆಲ್ ಒಂದು ಉಳಿದದ್ಯಲ, ಹಾಕಿ."

ಕುಮಟೆಯವರೆಗೂ ನಿಂತೇ ಹೋದೆ.