ಚರಗಕ್ಕೆ ಹೋದ ಗುಳಿಗೆ

ಮಗಳು ತರಗತಿಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾಳೆಂದು ಟೀಚರ್ ಮತ್ತೆ ಹೇಳಿಕಳಿಸಿದಾಗ ನನಗೆ ಅಳುವೇ ಬಂತು. ರಾತ್ರಿಯಿಡೀ ಕುಂಡಿ ತುರಿಸಿಕೊಂಡು ಹೊರಳಾಡುವ ಮಗು ಹಗಲು ಎಚ್ಚರವಿರುವುದಾದರೂ ಹೇಗೆ? ಗದಗಿನ ಡಾಕ್ಟರ ಬಳಿ ಕರೆದೊಯ್ದೆ. ಜಂತುಹುಳು, ದಾರದ ಎಳೆಯಂಥವು, ಎಂದರು.

"ಕೂಸಿಗಷ್ಟ ಕೊಟ್ರ ಉಪಯೋಗಿಲ್ಲರಿ. ಮನ್ಯಾಗಿದ್ದವರೆಲ್ಲಾ ಒಂದ ದಿನ ಗುಳಿಗಿ ತಗೋಬೇಕು, ಎರಡು ವಾರ ಬಿಟ್ಟು ಮತ್ತೊಮ್ಮೆ. ತುರಿಸಿದಾಗ ತತ್ತಿ ಉಗುರಾಗ ಸೇರತಾವ. ಅಲ್ಲಿಂದ ಹಾಸಿಗಿ, ಆಮ್ಯಾಲೆ ಇನ್ನೊಬ್ಬರ ಬಾಯಿ. ಉಗುರು ತಗೀರಿ, ಹಾಸಿಗಿ ಬಿಸಿನೀರಾಗ ಒಗೀರಿ."

ಹೇಳುವುದು ಸುಲಭ. ಒಂದೇ ದಿನ ಎಂದರೆ ಯಾವ ದಿನ? ಕಳಸಾಪುರದ ನಮ್ಮ ಮನೆಯಲ್ಲಿ ಅತ್ತೆಗೆ ಸೋಮವಾರ, ಮೈದುನನಿಗೆ ಗುರುವಾರ, ಗಂಡನಿಗೆ ಶನಿವಾರ ಉಪವಾಸ. ಉಪವಾಸದ ದಿನ ಬಾಯಿಗೆ ಗುಳಿಗೆ ಹಾಕಬಾರದಂತೆ. ಮಂಗಳವಾರ ಹೊಸದೇನೂ ಶುರು ಮಾಡಬಾರದಂತೆ. ಉಳಿದ ದಿನ ಯಾರಾದರೊಬ್ಬರು ಊರಲ್ಲಿರುತ್ತಿರಲಿಲ್ಲ. ಹುಳುಗಳಿಗೆ ಮಾತ್ರ ಯಾವ ವಾರವೂ ಇಲ್ಲ, ದಿನಾ ಉಂಡು ಹಾಯಾಗಿದ್ದವು.

ಅತ್ತೆಯದು ಇನ್ನೊಂದು ರಾಗ. "ನನಗೆಲ್ಲಿ ಜಂತ? ಬೆಲ್ಲ ತಿನ್ನೋ ಹುಡುಗರಿಗೆ ಆಗೂದು ಅದು." ಮೊಮ್ಮಗಳು ಮಲಗುವುದು ಅವರ ಹಾಸಿಗೆಯಲ್ಲಿ. ಬೆಳಿಗ್ಗೆ ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಅವಳಿಗೆ ತುತ್ತು ಕೊಡುವವರೂ ಅವರೇ. ಉಗುರು ತೆಗೆಯಿರಿ ಎಂದರೆ, "ಬಳ್ಳೊಳ್ಳಿ ಸುಲಿಯಾಕ ಉಗುರು ಬೇಕವ್ವಾ" ಎನ್ನುವರು. ಹೇಳಿ ಹೇಳಿ ನನ್ನ ಬಾಯಿ ಬತ್ತಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಎಲ್ಲೋ ಬಸ್ಸು ತಪ್ಪಿಸಿಕೊಂಡು ಕೂತಿತ್ತು.

ಕೊನೆಗೆ ಎಳ್ಳಮಾವಾಸ್ಯೆ ಬಂತು. ಅವತ್ತು ನಮ್ಮಲ್ಲಿ ಯಾರೂ ಉಪವಾಸವಿರುವುದಿಲ್ಲ, ಊರೂ ಬಿಡುವುದಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ, ತಂದ ಅಡುಗೆಯಲ್ಲಿ ಮೊದಲ ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಬಿಳಿಜೋಳದ ಬದಿಗೆ ಸಾಲಾಗಿ ಕೂತು ಉಣ್ಣುತ್ತೇವೆ. ಕಡಬು, ಶೇಂಗಾ ಹೋಳಿಗೆಯ ಬುಟ್ಟಿಯಲ್ಲಿ ಗುಳಿಗೆಗಳನ್ನೂ ಇಟ್ಟುಕೊಂಡೆ. ಹೊಲ ಮುಟ್ಟಿದ ಕೂಡಲೇ ಕೈಕೈಗೆ ಹಂಚಿದೆ. ಗಂಡ ಮುಖ ಕಿವುಚಿ ಅಗಿದರು, ಮೈದುನ, ಮಗಳು, ನಾನೂ ಅಗಿದೆವು. ಅತ್ತೆಯ ಕೈಯೂ ಖಾಲಿಯಾಗಿತ್ತು. ಎರಡು ವಾರ ಬಿಟ್ಟು ಎರಡನೆಯ ಗುಳಿಗೆ ಕೊಡಲು ಹೋದರೆ ಅತ್ತೆ "ಇಲ್ಲಿಟ್ಟು ಹೋಗು, ಆಮ್ಯಾಲೆ ತಗೋತೀನಿ" ಎಂದರು. ಮಗಳು ನಿದ್ದೆ ಮಾಡತೊಡಗಿದಳು. ಗೆದ್ದೆ ಅಂದುಕೊಂಡೆ.

ಒಂದು ತಿಂಗಳು ದಾಟಿತ್ತಷ್ಟೆ, ತುರಿಕೆ ಮತ್ತೆ ಶುರುವಾಯಿತು. ನೀವು ಗುಳಿಗೆ ತಗೊಂಡಿದ್ದಿರಲ್ಲ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದೆ. ಅತ್ತೆ ಸ್ವಲ್ಪವೂ ಅಳುಕದೆ ಹೇಳಿದರು.

"ಮೊದಲಿಂದು ಚರಗದಾಗ ಚೆಲ್ಲಿದೆ. ಹೊಲಕ್ಕ ಒಯ್ದಿದ್ರಾಗ ಮೊದಲ ಪಾಲು ಭೂಮಿತಾಯಿಗಲ್ಲೇನು? ಇನ್ನೊಂದು ದೇವರ ಜಗಲಿ ಮ್ಯಾಲ ಐತಿ."

ಜೋಳದ ಹೊಲಕ್ಕೆ ಜಂತಿನ ಔಷಧಿ! ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಕಿರುಚಿದೆ. "ಮತ್ತ ಎಲ್ಲಾರೂ ಮೊದಲಿಂದ ತಗೋಬೇಕು! ನಿಮ್ಮ ಕೈಲೆ ಉಂಡ ಆ ಕೂಸಿಗೆ ನಿದ್ದಿ ಇಲ್ಲ!" ಅತ್ತೆ ಸೆರಗು ಕೊಡವಿ ಎದ್ದುಹೋದರು. ಮಗಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನ ಅತ್ತೆ ತುತ್ತು ಎತ್ತಿ ಹಿಡಿದರೆ ಅವಳು ಬಾಯಿ ಬಿಗಿದಳು.

"ಆಯಿ, ನಿನ್ನ ಕೈಲೆ ಬ್ಯಾಡ. ಸಾಲ್ಯಾಗ ನಿದ್ದಿ ಬರ್ತೈತಿ, ಎಲ್ಲಾರೂ ನಗ್ತಾರ."

ಅತ್ತೆಯ ಕೈ ಎತ್ತಿದಲ್ಲೇ ನಿಂತಿತು. ಅವರು ತಟ್ಟೆ ಕೆಳಗಿಟ್ಟು, ದೇವರ ಜಗಲಿಯ ಮೇಲಿನ ಗುಳಿಗೆ ತೆಗೆದು, ಅದಕ್ಕೆ ಹತ್ತಿದ್ದ ಕುಂಕುಮವನ್ನು ಸೆರಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡು ಕಟಕಟ ಅಗಿದರು.

"ಅತ್ತಿ, ಇವತ್ತ ಸೋಮವಾರರಿ" ಎಂದೆ, ತಡೆಯಲಾಗದೆ.

"ಗೊತ್ತೈತಿ. ಸುಮ್ನಿರು."

ನೇಲ್ ಕಟರ್ ಕೇಳಿ ಇಸಿದುಕೊಂಡು ಕಟ್ಟೆಯ ಮೇಲೆ ಕೂತರು. ಹತ್ತೂ ಬೆರಳಿನ ಉಗುರು ತೆಗೆದು, ಸೋಪಿನಿಂದ ಕೈ ತಿಕ್ಕಿ ತೊಳೆದು, ಬಂದು ಮೊಮ್ಮಗಳ ಮುಂದೆ ಚಾಚಿದರು. "ನೋಡವ್ವಾ. ಈಗ ಉಣ್ಣತಿ?"

ಅವಳು ಬೆರಳುಗಳನ್ನು ಮಗುಚಿ ಮಗುಚಿ ನೋಡಿದಳು. "ಎರಡು ವಾರ ಬಿಟ್ಟು ಇನ್ನೊಂದು ಗುಳಿಗಿ ತಗೋಬೇಕಲ್ಲ ಆಯಿ. ಆಮ್ಯಾಲೆ."

"ಅಲ್ಲೀತನಾ?" ಎಂದರು ಅತ್ತೆ. ಅವಳು ಹೌದೆಂದು ತಲೆಯಾಡಿಸಿದಳು. ಅತ್ತೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನೀನ ಉಣಸು. ಮೊದಲ ಕೈ ತೊಳಕೊಂಡು ಬಾ."