ಬಳೆಗಳ ನಡುವೆ ಸಿಪಾಯಿಯ ಬ್ಯಾಂಡ್

ಕಳೆದ ವಾರ ಒಬ್ಬ ಸಿಪಾಯಿಯ ಎದೆಬಡಿತ ನೋಡಬೇಕಿದ್ದರೆ ನೀವು ನಮ್ಮಕ್ಕನ ಕೈ ಹಿಡಿಯಬೇಕಿತ್ತು.

ಔರಾದಿನಲ್ಲಿ ನೆಂಟರ ಮದುವೆ. ಭಾಲ್ಕಿಯಿಂದ ಬಂದಿದ್ದ ಅಕ್ಕ ಸುಶೀಲಾ ಊಟಕ್ಕೆ ನನ್ನ ಪಕ್ಕ ಕೂತಳು. ರೊಟ್ಟಿಗೆ ಕೈ ಚಾಚಿದಾಗ ಹಸಿರು ಬಳೆಗಳ ನಡುವೆ ಕರಿ ಬ್ಯಾಂಡೊಂದು ಕಂಡಿತು. (ಬಳೆ ಹಸಿರೇ ಇದ್ದವೇ? ಪ್ರಮಾಣ ಮಾಡಲಾರೆ. ನನ್ನ ನೆನಪು ತನಗೆ ಬೇಕಾದ ಬಣ್ಣ ಹಚ್ಚಿಕೊಳ್ಳುತ್ತದೆ. ಬ್ಯಾಂಡ್ ಮಾತ್ರ ಕರಿಯದೇ.)

“ಅಕ್ಕಾ, ಇದೇನ?”

“ಮಿಲಿಂದಂದು. ‘ನೀ ಹಾಕ್ಕೋ ಅವ್ವಾ’ ಅಂದ. ಚಂದ ಕಾಣಲ್ಲೇನು?”

ಮಿಲಿಂದ ಅವಳ ಮಗ. ಫೌಜಿನಲ್ಲಿದ್ದಾನೆ, ರಜೆಗೆ ಬಂದಿದ್ದ. ಕೈ ತೊಳೆಯುವ ಕಡೆ ಹಿಡಿದು ಕೇಳಿದೆ. ಎದೆಬಡಿತ, ನಿದ್ದೆ ಎಲ್ಲ ಅಳೆದು ಕಳಿಸುವ ಬ್ಯಾಂಡ್ ಅದು. ಅವನ ಯೂನಿಟ್ಟಿನಲ್ಲಿ ಪ್ರಯೋಗಕ್ಕೆ ಕೊಟ್ಟಿದ್ದಾರೆ. ರಜೆಯಲ್ಲೂ ಬಿಚ್ಚುವಂತಿಲ್ಲ.

“ನೀ ಒಪ್ಪಿದ್ದೇನು?”

“ಒಪ್ಪಿಗೆ ಇಲ್ಲದವ್ರು ಕೈ ಎತ್ರಿ ಅಂದ್ರು ಮಾಮಾ. ಸಾಲಿನಾಗ ನಿಂತು ಯಾಂವ ಎತ್ತತಾನ್ರಿ?”

ಆಮೇಲೆ ದನಿ ಇಳಿಸಿದ. “ಹಿಂದಿನ ಪೋಸ್ಟಿಂಗ್‌ನಿಂದ ನಂಗ ನಿದ್ದಿ ಹತ್ತವಲ್ದು. ಗೊತ್ತಾದ್ರ ಮೆಡಿಕಲ್ ಕೆಟಗರಿ ಇಳಸ್ತಾರ, ಪ್ರಮೋಷನ್ ಕೋರ್ಸ್ ಖಲ್ಲಾಸ್. ಅವ್ವ ನೋಡ್ರಿ, ತಲಿ ಇಟ್ಟಳಂದ್ರ ಗೊರಕಿ.”

ನಗಬೇಕೆನ್ನುವಷ್ಟರಲ್ಲಿ ಅವನ ಫೋನ್ ರಿಂಗಾಯಿತು. “ಜೀ ಸರ್, ಜೀ ಸರ್” ಎನ್ನುತ್ತಲೇ ಮುಖ ಬಿಳಿಚಿಕೊಂಡಿತು. ಅವನ ಎದೆಬಡಿತ ತಾಳ ತಪ್ಪುತ್ತಿದೆಯಂತೆ. ಕೂಡಲೇ ಆಸ್ಪತ್ರೆಗೆ ತೋರಿಸಬೇಕಂತೆ.

ತಾಳ ತಪ್ಪಿದ ಆ ಎದೆ ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿತ್ತು!

ಅಂದೇ ಬೀದರಿಗೆ ಹೋದೆವು. ದಾರಿಯಲ್ಲಿ ಮಿಲಿಂದ ಅವ್ವನಿಗೆ ಎಲ್ಲ ಹೇಳಬೇಕಾಯಿತು. ಇಬ್ಬರಿಗೂ ಇಸಿಜಿ ಆಯಿತು. ಮಗನದು ಸರಿಯಿತ್ತು, ತಾಯಿಯದು ಇರಲಿಲ್ಲ. ಸದ್ಯ ಬೇಗ ಗೊತ್ತಾಯಿತು ಎಂದು ಡಾಕ್ಟರು ಗುಳಿಗೆ ಬರೆದರು.

ಹೊರಗೆ ಬಂದ ಮಿಲಿಂದನಿಗೆ ಜೀವ ಬಂದಿತ್ತು. “ನನ್ನ ಇಸಿಜಿ ಕಳಸ್ತೇನಿ. ಬ್ಯಾಂಡ್ ಕೆಟ್ಟದ ಅಂತಾರ. ಮುಗೀತು.”

“ಕೆಟ್ಟಿಲ್ಲಲ್ಲೋ,” ಎಂದಳು ಅಕ್ಕ. “ನನ್ನ ಎದಿ ಖರೇನೇ ಹಿಡದದ. ನಾಳಿ ಇನ್ನೊಬ್ಬಾಕಿ ಮಗಂದು ಹಿಡೀತು, ಇದೂ ಕೆಟ್ಟದ ಅಂತ ಬಿಟ್ರು. ಆವಾಗ?”

ಯಂತ್ರದ ನೆನಪಿನ ಬಗ್ಗೆ ನನಗೊಂದು ಅಸೂಯೆಯಿತ್ತು. ನನ್ನಂತೆ ಅದು ಬಣ್ಣ ಹಚ್ಚುವುದಿಲ್ಲವಲ್ಲ ಎಂದು. ಈಗ ನೋಡಿ, ಒಂದು ಬಡಿತವನ್ನೂ ಮರೆಯದ ಬ್ಯಾಂಡಿಗೆ ತಾನು ಯಾರ ಕೈಯಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ.

ಹಾಗೆಂದು ಬಂದೂಕು ಹಿಡಿದವನ ನಿದ್ದೆ ಅವನ ಖಾಸಗಿ ವಿಷಯ, ಸುಮ್ಮನಿರಿ ಎನ್ನಲು ನನಗೆ ಧೈರ್ಯವಿಲ್ಲ. ಪಕ್ಕದಲ್ಲಿ ಪಹರೆ ನಿಂತವನ ಜೀವವೂ ಅದರಲ್ಲಿದೆ. ಆದರೆ ನಿದ್ದೆಗೆಟ್ಟವನಿಗೆ ಮೊದಲು ಸಿಗಬೇಕಾದ್ದು ಡಾಕ್ಟರೋ, ಕೆಳಗಿನ ಕೆಟಗರಿಯೋ?

ಮಿಲಿಂದ ಕೊನೆಗೂ ಫೋನ್ ಮಾಡಿದ. ಬ್ಯಾಂಡ್ ಅವ್ವನ ಕೈಯಲ್ಲಿತ್ತು ಎಂದ. ಅತ್ತಲಿಂದ ಬೈಗುಳ ನಮಗೂ ಕೇಳಿಸಿತು. ಪ್ರಮೋಷನ್ ಕೋರ್ಸಿನ ಮಾತು ಅವನು ರಜೆ ಮುಗಿಸಿ ಬಂದ ಮೇಲಂತೆ. ಯಾಕೆ ಕೊಟ್ಟೆ ಎಂದು ಯಾರೂ ಕೇಳಲಿಲ್ಲ. ಇವನೇ ಸೇರಿಸಿದ: ಅವ್ವ ಹೌಸಿಗೆ, ಚಂದ ಕಂಡಿತಂತ ಹಾಕಿಕೊಂಡಿದ್ದಳು ಸರ್.

“ಹೌಸ್ ನಂದೇನೋ?” ಅಕ್ಕ ಬ್ಯಾಂಡ್ ಬಿಚ್ಚಿ ಅವನ ಕೈಗೆ ಕಟ್ಟಿದಳು. “ನಿದ್ದಿ ವಿಷಯ ಅವ್ರಿಗೆ ಯಾಕ ಹೇಳ್ಲಿಲ್ಲ?”

ಅವನು ಬ್ಯಾಂಡಿನ ಮೇಲೆ ಅಂಗಿಯ ತೋಳು ಎಳೆದುಕೊಂಡ.

ಬ್ಯಾಂಡ್ ಯಾರ ಕೈಯಲ್ಲಿತ್ತು ಎಂಬುದು ಈಗ ಯೂನಿಟ್ಟಿಗೆ ಗೊತ್ತು. ಅದು ಅವನ ಕೈಯಿಂದ ಯಾಕೆ ಇಳಿಯಿತು ಎಂದು ಕೇಳುವವರು ಯಾರು?